ದೇಶೀ ಜ್ಞಾನ ಮತ್ತು ಸಂಶೋಧನ ಪತ್ರಿಕೆಯ ಚೌಕಟ್ಟು: ಕೆಲವು ಪ್ರಶ್ನೆಗಳು

ದೇಶೀ ಜ್ಞಾನಕ್ಕೆಂದೇ ಮೀಸಲಾದ ಸಂಶೋಧನ ಪತ್ರಿಕೆಗಳು ನಮ್ಮಲ್ಲಿ ಈಚಿನವು. 'ಇಂಡಿಯನ್ ಜರ್ನಲ್ ಆಫ್ ಟ್ರೆಡಿಶನಲ್ ನಾಲೆಡ್ಜ್' ದೆಹಲಿಯಿಂದ ಪ್ರಕಟಗೊಳ್ಳತೊಡಗಿದ್ದು 2002ರಲ್ಲಿ. ಅದಕ್ಕೂ ಮೊದಲೇ ಬಂದ 'ಹನಿ ಬೀ' ಪತ್ರಿಕೆಯು, ತಿಳಿವಳಿಕೆ ನೀಡಿದವರ ಹೆಸರನ್ನು ದಾಖಲಿಸಬೇಕು, ಅದನ್ನು ಅವರ ಭಾಷೆಯಲ್ಲೇ ಅವರಿಗೆ ಮರಳಿಸಬೇಕು ಎಂಬ ತತ್ತ್ವವನ್ನು ಮುಂದಿಟ್ಟಿತು. ಕನ್ನಡದ 'ಹಿತ್ತಲಗಿಡ' ಆ ತತ್ತ್ವದ ಫಲ. ಇಂಥ ಪತ್ರಿಕೆಗಳಿಗೆ ಲೇಖನ ಸಿದ್ಧಪಡಿಸುವಾಗ ದೇಶೀ ಜ್ಞಾನವು ಯಾವ ರೂಪಾಂತರಕ್ಕೆ ಒಳಗಾಗುತ್ತದೆ ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಮೌಖಿಕ ಪರಂಪರೆಯೊಂದನ್ನು ಅಚ್ಚಿಗೆ ತರಬೇಕಾದ ಅನಿವಾರ್ಯವನ್ನು ಮನಗಾಣಿಸಿದ್ದು ಅರಿಸಿನದ ಪ್ರಕರಣ. ಗಾಯ ಮಾಯಲು ಅರಿಸಿನ ಬಳಸುವುದಕ್ಕೆ ಅಮೆರಿಕದಲ್ಲಿ 1995ರಲ್ಲಿ ಪೇಟೆಂಟ್ ದೊರೆಯಿತು. ಭಾರತದ ವೈಜ್ಞಾನಿಕ ಮತ್ತು ಕೈಗಾರಿಕಾ ಸಂಶೋಧನ ಪರಿಷತ್ತಿನ ಆಕ್ಷೇಪಣೆಯಿಂದ 1997ರಲ್ಲಿ ಅದು ರದ್ದಾಯಿತು. ಹೊರದೇಶದ ಬಳಕೆ ಅಚ್ಚಾಗಿರದಿದ್ದರೆ ಅದನ್ನು ಪೂರ್ವಜ್ಞಾನವೆಂದು ಅಂದಿನ ಅಮೆರಿಕದ ಕಾನೂನು ಎಣಿಸುತ್ತಿರಲಿಲ್ಲ. ಆದ್ದರಿಂದ ಪರಿಷತ್ತು ಪ್ರಾಚೀನ ಗ್ರಂಥಗಳನ್ನೂ 1953ರ ವೈದ್ಯಕೀಯ ಲೇಖನವೊಂದನ್ನೂ ಸಾಕ್ಷ್ಯವಾಗಿ ಒಡ್ಡಬೇಕಾಯಿತು. ಮನೆಮನೆಯ ಅಜ್ಜಿಯರ ತಿಳಿವು ಸಾಕ್ಷ್ಯವಾಗಲಿಲ್ಲ, ಕಾಗದ ಸಾಕ್ಷ್ಯವಾಯಿತು. ಪ್ರಕಟಣೆಯೇ ರಕ್ಷಣೆ ಎಂಬ ನಂಬಿಕೆಗೆ ಇದು ಬಲ ತಂದಿತು. ಆದರೆ ಅಚ್ಚಾದುದು ಎಲ್ಲರ ಕೈಗೂ ಸಿಗುತ್ತದೆ. ಹೀಗೆ ಲೇಖನವೇ ಬೇಲಿಯೂ ಆಗಬಲ್ಲದು, ಬೇಲಿಯ ಕಂಡಿಯೂ ಆಗಬಲ್ಲದು.

ರೂಪಾಂತರದ ಸ್ವರೂಪವನ್ನು ಅರಿಯಲು ಬಿಳಿಗಿರಿರಂಗನ ಬೆಟ್ಟದ ಸೋಲಿಗರ ನಿದರ್ಶನ ಗಮನಾರ್ಹ. ಒಣ ಋತುವಿನ ಆರಂಭದಲ್ಲಿ ಸೋಲಿಗರು ಕಾಡಿನ ನೆಲಕ್ಕೆ ಹಾಕುತ್ತಿದ್ದ ಬೆಂಕಿಗೆ ಅವರ ಮಾತಿನಲ್ಲಿ 'ತರಗು ಬೆಂಕಿ' ಎಂದು ಹೆಸರು. ಅದು ಉದುರಿದ ಎಲೆಯನ್ನು ಸುಡುತ್ತದೆ, ದೊಡ್ಡ ಮರವನ್ನು ಸುಡುವುದಿಲ್ಲ. 1974ರಲ್ಲಿ ಆ ಕಾಡು ವನ್ಯಜೀವಿಧಾಮವಾದ ಮೇಲೆ ಈ ಪದ್ಧತಿ ನಿಂತಿತು. ಲಂಟಾನ ಹಬ್ಬಿದ್ದಕ್ಕೂ ನೆಲ್ಲಿಮರಗಳಿಗೆ ಬಂದಳಿಕೆ ಹೆಚ್ಚಿದ್ದಕ್ಕೂ ಇದೇ ಕಾರಣವೆಂದು ಸೋಲಿಗರು ಹೇಳುತ್ತ ಬಂದಿದ್ದಾರೆ. 2010ರಲ್ಲಿ 'ಇಕಾಲಜಿ ಅಂಡ್ ಸೊಸೈಟಿ' ಪತ್ರಿಕೆಯಲ್ಲಿ ಬಂದ ಲೇಖನವೊಂದು ಬಂದಳಿಕೆಯ ಕುರಿತ ಈ ವಿವರಣೆಯನ್ನು ಗಂಭೀರವಾಗಿ ಪರಿಗಣಿಸಿತು.

ಇಲ್ಲಿ ಭಾಷೆಯ ಪ್ರಶ್ನೆ ಏಳುತ್ತದೆ. ಕನ್ನಡದಲ್ಲಿ ತರಗು ಬೆಂಕಿ ಬೇರೆ, ಕಾಳ್ಗಿಚ್ಚು ಬೇರೆ. ಮೊದಲನೆಯದು ಕಾಲವರಿತು ಮನುಷ್ಯ ಹಾಕಿದ್ದು, ಎರಡನೆಯದು ಕೈಮೀರಿದ್ದು. ಆಂಗ್ಲ ಬರಹದಲ್ಲಿ ಎರಡೂ 'ಫೈರ್' ಎಂಬ ಒಂದೇ ಶಬ್ದದೊಳಗೆ ಸೇರಿಬಿಟ್ಟರೆ, ಆಡಳಿತದ ಕಡತದಲ್ಲಿ ಎರಡೂ ಒಂದೇ ಅಪರಾಧವಾಗಿ ಕಾಣುತ್ತವೆ. ಆದುದರಿಂದ ಮೂಲಪದವನ್ನು ಪಠ್ಯದ ನಡುವೆಯೇ ಉಳಿಸಿಕೊಳ್ಳುವುದು ಅಲಂಕಾರವಲ್ಲ, ವಾದದ ಅಂಗ. ಹಾಗೆಯೇ, ವಿಜ್ಞಾನಿ ಕಂಡದ್ದು 'ಫಲಿತಾಂಶ'ವಾಗಿ, ಸೋಲಿಗ ಕಂಡದ್ದು 'ಗ್ರಹಿಕೆ'ಯಾಗಿ ದಾಖಲಾಗುವ ವಾಡಿಕೆಯನ್ನೂ ಪ್ರಶ್ನಿಸಬೇಕು. ನಮ್ಮ ಜಾನಪದ ಅಧ್ಯಯನ 'ವಕ್ತೃ' ಎಂದು ಗೌರವಿಸಿದವನನ್ನು ಪತ್ರಿಕೆಯ ಚೌಕಟ್ಟು 'ಮಾಹಿತಿದಾರ'ನನ್ನಾಗಿ ಇಳಿಸುತ್ತದೆ. ವಕ್ತೃವಿಗೆ ವಾದವಿದೆ, ಮಾಹಿತಿದಾರನಿಗೆ ಇರುವುದು ಉತ್ತರ ಮಾತ್ರ.

ಹಾಗೆಂದು ಪತ್ರಿಕೆಯ ಶಿಸ್ತೆಲ್ಲ ಬಂಧನವೆನ್ನುವುದು ಸರಿಯಲ್ಲ. ಬಿಳಿಗಿರಿಯಲ್ಲಿ ನೆಲ್ಲಿ ಒಂದೇ ಅಲ್ಲ. ಫಿಲಾಂಥಸ್ ಎಂಬ್ಲಿಕಾ, ಫಿಲಾಂಥಸ್ ಇಂಡೋಫಿಷೆರಿ ಎಂಬ ಎರಡು ಪ್ರಭೇದಗಳಿವೆ. 'ಶಂಖಪುಷ್ಪಿ' ಎಂಬ ಹೆಸರಂತೂ ಪ್ರದೇಶದಿಂದ ಪ್ರದೇಶಕ್ಕೆ ಬೇರೆ ಬೇರೆ ಗಿಡಗಳಿಗೆ ಸಲ್ಲುತ್ತದೆ. ಒಣಗಿಸಿ ಸಸ್ಯಸಂಗ್ರಹಾಲಯದಲ್ಲಿಟ್ಟ ಮಾದರಿಯ ಸಂಖ್ಯೆಯಿಲ್ಲದೆ ಔಷಧದ ಲೇಖನ ಬರೆದರೆ, ಓದಿದವನು ತಪ್ಪು ಗಿಡವನ್ನು ಅರೆದಾನು. ಸಸ್ಯನಾಮ, ಸ್ಥಳ, ಋತು, ಬಳಸುವ ಭಾಗ ಇವುಗಳ ನಿಖರತೆ ಜ್ಞಾನ ನೀಡಿದವರಿಗೂ ಸಲ್ಲಿಸುವ ಗೌರವವೇ.

ಕೊರತೆ ಇರುವುದು ನಮ್ಮ ಸಿದ್ಧತೆಯ ಅನುಕ್ರಮದಲ್ಲಿ. ಅಂತರರಾಷ್ಟ್ರೀಯ ಜನಾಂಗೀಯ ಜೀವವಿಜ್ಞಾನ ಸಂಘದ 2006ರ ನೀತಿಸಂಹಿತೆಯು ಅಧ್ಯಯನಕ್ಕೆ ಮುನ್ನವೇ ತಿಳಿವಳಿಕೆಯುಳ್ಳ ಒಪ್ಪಿಗೆ ಪಡೆಯಬೇಕೆನ್ನುತ್ತದೆ. ಭಾರತದ 2002ರ ಜೈವಿಕ ವೈವಿಧ್ಯ ಅಧಿನಿಯಮ ಸ್ಥಳೀಯ ಸಂಸ್ಥೆಗಳ ಮಟ್ಟದಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿಗಳಿಗೆ ಅವಕಾಶ ಕಲ್ಪಿಸಿದೆ. ಆದರೂ ಒಪ್ಪಿಗೆಯೆಂಬುದು ಹಸ್ತಪ್ರತಿ ಕಳಿಸುವ ಮುನ್ನಾದಿನ ತುಂಬುವ ನಮೂನೆಯಾಗಿ ಉಳಿಯುವ ಅಪಾಯವಿದೆ. ಓದಿ ಹೇಳದ ಕಾಗದಕ್ಕೆ ಒತ್ತಿಸಿಕೊಂಡ ಹೆಬ್ಬೆಟ್ಟು ಒಪ್ಪಿಗೆಯಲ್ಲ.

ಆದ್ದರಿಂದ ಕರಡು ಸಂಪಾದಕರಿಗೆ ಹೋಗುವ ಮೊದಲು ಹಾಡಿಗೆ, ಪೋಡಿಗೆ ಮರಳಬೇಕು; ವಕ್ತೃಗಳ ಮಾತಿನಲ್ಲಿ ಅವರೆದುರು ಓದಬೇಕು. ಅವರು ಬೇಡವೆಂದ ಗಿಡದ ನೆಲೆ, ಗುಟ್ಟಿನ ಮದ್ದು ಲೇಖನದಿಂದ ಬಿಟ್ಟುಹೋಗಬೇಕು. ವಾದವನ್ನೇ ಕಟ್ಟಿಕೊಟ್ಟವರು ಕೃತಜ್ಞತೆಯ ಸಾಲಿನಲ್ಲಲ್ಲದೆ ಲೇಖಕರ ಸಾಲಿನಲ್ಲಿ ಇರಬೇಕು. ತಜ್ಞರ ಪರಿಶೀಲನೆಗೆ ತಿಂಗಳುಗಟ್ಟಲೆ ಕಾಯುವ ನಾವು ಈ ಪರಿಶೀಲನೆಗೆ ಕೆಲವು ದಿನಗಳನ್ನಾದರೂ ಕೊಡಲಾರೆವೆಂದರೆ, ನಮ್ಮ ಲೇಖನಗಳು ದೇಶೀ ಜ್ಞಾನದ ಕುರಿತವಾಗಿರುತ್ತವೆಯೇ ಹೊರತು ಆ ಜ್ಞಾನವುಳ್ಳವರ ಪಾಲಿನವಾಗಿರುವುದಿಲ್ಲ.