ಟ್ರಾನ್ಸಿಸ್ಟರ್ ರೇಡಿಯೊ: ಹೊಲದ ಬದುವಿಗೆ ಬಂದ ಬಾನುಲಿ

ಮನೋವಿಜ್ಞಾನದ ಪ್ರಾಧ್ಯಾಪಕರಾಗಿದ್ದ ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ ಮೈಸೂರಿನ ತಮ್ಮ ಮನೆಯಿಂದಲೇ 30 ವಾಟ್ ಶಕ್ತಿಯ ಪ್ರಸಾರಯಂತ್ರದ ಮೂಲಕ ‘ಆಕಾಶವಾಣಿ’ಯನ್ನು ಆರಂಭಿಸಿದಾಗ, ಅದನ್ನು ಕೇಳಲು ಬೇಕಿದ್ದ ರೇಡಿಯೊ ವಾಲ್ವ್‌ಗಳನ್ನು, ಅಂದರೆ ಒಳಗಿನ ತಂತಿ ಕಾದ ಮೇಲಷ್ಟೇ ಕೆಲಸ ಮಾಡುವ ಗಾಜಿನ ಬುರುಡೆಗಳನ್ನು ನೆಚ್ಚಿದ ಭಾರವಾದ ಪೆಟ್ಟಿಗೆಯಾಗಿತ್ತು. 1947ರಲ್ಲಿ ರೂಪುಗೊಂಡ ಟ್ರಾನ್ಸಿಸ್ಟರ್ ಕಾಯಬೇಕಿಲ್ಲದ ಪುಟ್ಟ ಬಿಡಿಭಾಗವಾದ್ದರಿಂದ, ಮುಂದಿನ ದಶಕಗಳಲ್ಲಿ ರೇಡಿಯೊ ಕೆಲವೇ ಸೆಲ್‌ಗಳ ಬಲದಲ್ಲಿ ವಿದ್ಯುತ್ತಿಲ್ಲದ ಹೊಲದ ಬದುವಿಗೂ ಹೋಗುವಂತಾಯಿತು. ಹುಣಸೂರು, ಪಿರಿಯಾಪಟ್ಟಣಗಳಲ್ಲಿ ತಂಬಾಕು ಹದಮಾಡುವ ಬ್ಯಾರನ್‌ಗೆ ಸೌದೆಯೊಡ್ಡುತ್ತ ಇರುಳು ಎಚ್ಚರವಾಗಿರಬೇಕಾದವರಿಗೆ ಇದಕ್ಕಿಂತ ಒಳ್ಳೆಯ ಜೊತೆ ದೊರೆಯುವುದು ಕಷ್ಟವೇ ಸರಿ.

ಟ್ರಾನ್ಸಿಸ್ಟರ್ ರೇಡಿಯೊದ ನಿಜವಾದ ಜಾಣ್ಮೆಯಿರುವುದು ಒಳಗೆ ಅಡಗಿರುವ ಫೆರೈಟ್ ಕಡ್ಡಿಯಲ್ಲಿ: ಕಬ್ಬಿಣದ ಆಕ್ಸೈಡ್ ಬೆರೆತ ಈ ಕಪ್ಪು ಕಡ್ಡಿಗೆ ಸುತ್ತಿದ ತಂತಿಯೇ ಮಧ್ಯಮ ತರಂಗಗಳನ್ನು ಹಿಡಿಯುವ ಏರಿಯಲ್ ಆಗಿದ್ದು, ಅದು ದಿಕ್ಕನ್ನು ಅವಲಂಬಿಸಿರುವ ಕಾರಣ ಪೆಟ್ಟಿಗೆಯನ್ನು ತುಸು ತಿರುಗಿಸಿದರೆ ದನಿ ತಿಳಿಯಾಗುತ್ತದೆ. ರಾತ್ರಿಯ ಹೊತ್ತು ಈ ತರಂಗಗಳು ಅಯಾನುಗೋಲದಿಂದ, ಎಂದರೆ ಮೇಲಿನ ವಾಯುಮಂಡಲದ ವಿದ್ಯುದಾವಿಷ್ಟ ಪದರದಿಂದ, ಮರಳಿ ಬಂದು ದೂರದ ನಿಲ್ದಾಣಗಳನ್ನೂ ಕೇಳಿಸುತ್ತವೆ.

ಎಚ್.ಡಿ. ಕೋಟೆ ಸೀಮೆಯ ಸರಗೂರಿನ ಸಮುದಾಯ ಬಾನುಲಿ ‘ಜನಧ್ವನಿ’ ಬಳಸುವ ಎಫ್.ಎಂ. ತರಂಗಗಳು ಸ್ವಚ್ಛವಾಗಿ ಕೇಳಿಸುತ್ತವೆಯಾದರೂ ಬಹುಮಟ್ಟಿಗೆ ನೇರವಾಗಿ ಸಾಗುವುದರಿಂದ ಮಧ್ಯಮ ತರಂಗಗಳಷ್ಟು ದೂರ ಹೋಗವು. ಅವುಗಳನ್ನು ಹಿಡಿಯಬಲ್ಲ ಮೊಬೈಲ್‌ಗಳಲ್ಲಿ ಬಹುಪಾಲಿಗೆ ಇಯರ್‌ಫೋನಿನ ತಂತಿಯೇ ಏರಿಯಲ್ ಆಗಬೇಕಾಗುತ್ತದೆ.