ಉಬ್ಬಿ ನಿಂತ ಹೂವು

ಕೊಚ್ಚಿ, ತಿರುವನಂತಪುರದ ಮಳೆಗಾಲದಲ್ಲಿ ಕಾಗದಕ್ಕೂ ಶೀತ ಹಿಡಿಯುತ್ತದೆ. ಹಾಳೆ ಮುದುಡುತ್ತದೆ, ಶಾಯಿ ಬೇಗ ಒಣಗುವುದಿಲ್ಲ. ಓಣಂಗೆ ಕೈಯಾರೆ ಶುಭಾಶಯ ಪತ್ರ ಮಾಡುವವರು ಈ ತೇವದ ಜತೆಗೇ ಏಗಬೇಕು. ಮೊದಲು ಹಾಳೆಗೆ ಚೂರು ಟಾಲ್ಕಂ ಪೌಡರ್ ಸವರಬೇಕು. ಇಲ್ಲವಾದರೆ ಚಿತ್ರವನ್ನು ಉಬ್ಬಿಸುವ ಎಂಬಾಸಿಂಗ್ ಪುಡಿ ಎಲ್ಲೆಂದರಲ್ಲಿ ಅಂಟುತ್ತದೆ. ಆಮೇಲೆ ರಬ್ಬರ್ ಅಚ್ಚೊತ್ತಿ, ಶಾಯಿ ಹಸಿಯಿರುವಾಗಲೇ ಪುಡಿ ಉದುರಿಸಿ, ಹೆಚ್ಚಿದ್ದನ್ನು ಕೊಡವಿ ಬಿಸಿಗಾಳಿ ಹಿಡಿದರೆ ಸಾಕು: ಕಾಳುಕಾಳಾಗಿದ್ದ ಪುಡಿ ಕರಗಿ ಮಿರುಗುತ್ತದೆ, ಓಣಂನ ಹೂರಂಗೋಲಿ ಪೂಕಳಂನ ಹೂವು ಬೆರಳಿಗೆ ತಾಕುವಂತೆ ಉಬ್ಬಿ ನಿಲ್ಲುತ್ತದೆ.

1843ರಲ್ಲಿ ಲಂಡನ್ನಿನ ಹೆನ್ರಿ ಕೋಲ್ ಕ್ರಿಸ್‌ಮಸ್ ಕಾರ್ಡು ಅಚ್ಚು ಹಾಕಿಸಿದ್ದು ಪತ್ರ ಬರೆಯುವ ಹೊತ್ತು ಉಳಿಸಲು. ಕೈಕೆಲಸದ ಕಾರ್ಡಿನದು ಉಲ್ಟಾ ಲೆಕ್ಕ. ಒಬ್ಬರಿಗಾಗಿ ಇಡೀ ಸಂಜೆ ಖರ್ಚು! ಅಂಚಿನಲ್ಲುಳಿದ ಶಾಯಿಬೆರಳಿನ ಗುರುತೂ ಅಲ್ಲಿ ರುಜುವೇ.