ಬೆಕ್ಕಿನ ಶುಗರ್, ಅರ್ಧ ಯೂನಿಟ್‌ನ ಲೆಕ್ಕ

ನಾಲ್ಕು ಕಿಲೋ ತೂಗುವ ಬೆಕ್ಕಿಗೆ ಸಕ್ಕರೆ ಕಾಯಿಲೆ ಇದೆಯೆಂದು ಗೊತ್ತಾದ ದಿನ ಪಶುವೈದ್ಯರು ಸಾಮಾನ್ಯವಾಗಿ ಬರೆದುಕೊಡುವುದು ಹನ್ನೆರಡು ಗಂಟೆಗೊಮ್ಮೆ ಒಂದು ಯೂನಿಟ್ ಇನ್ಸುಲಿನ್. ಗ್ಲಾರ್ಜಿನ್ ಎಂಬ ಬಗೆಯ ಇನ್ಸುಲಿನ್ ಆದರೆ ಅದು ಒಂದು ಮಿಲಿಲೀಟರಿನ ನೂರನೇ ಒಂದು ಪಾಲು. ಸಿರಿಂಜಿಗೆ ಎಳೆದು ಬೆಳಕಿಗೆ ಹಿಡಿದರೆ ಸೂಜಿಯ ಬುಡದಲ್ಲಿ ತೆಳ್ಳನೆಯ ಒಂದು ಪಟ್ಟಿ ಕಾಣುತ್ತದೆ, ಅಷ್ಟೇ. ಸಣ್ಣದೊಂದು ಗಾಳಿಗುಳ್ಳೆ ಒಳಗೆ ಸೇರಿಕೊಂಡರೂ ಡೋಸ್ ಕಡಿಮೆಯಾಗುತ್ತದೆ. ಕೈ ಒಂದು ಗೆರೆ ಮುಂದೆ ಹೋದರೆ ದುಪ್ಪಟ್ಟಾಗುತ್ತದೆ. ಇಷ್ಟು ಸೂಕ್ಷ್ಮವಾದ ಕೆಲಸವನ್ನು ದಿನಕ್ಕೆ ಎರಡು ಸಲ, ಮನೆಯಲ್ಲಿ, ವೈದ್ಯರಲ್ಲದವರು ಮಾಡಬೇಕು.

ಆದ್ದರಿಂದ ಮೊದಲ ಡೋಸ್ ಎಷ್ಟು ಎಂಬುದಕ್ಕಿಂತ, ಅದನ್ನು ಏರಿಸುವುದು ಇಳಿಸುವುದು ಯಾವ ಆಧಾರದ ಮೇಲೆ ಎಂಬುದೇ ಇಲ್ಲಿ ಮುಖ್ಯ. ಹಳೆಯ ಪದ್ಧತಿಯಲ್ಲಿ ಬೆಕ್ಕನ್ನು ಒಂದು ದಿನ ಆಸ್ಪತ್ರೆಯಲ್ಲಿ ಇಟ್ಟುಕೊಂಡು ಎರಡು ಗಂಟೆಗೊಮ್ಮೆ ರಕ್ತ ನೋಡಿ ಡೋಸ್ ತೀರ್ಮಾನಿಸುತ್ತಿದ್ದರು. ಮನೆಯಲ್ಲೇ ಅಳೆದು, ಆ ಅಂಕಿಗಳನ್ನು ವೈದ್ಯರ ಮುಂದಿಟ್ಟು, ಕಾಲು ಅರ್ಧ ಯೂನಿಟ್‌ಗಳಲ್ಲಿ ಹೊಂದಿಸುವುದು ಹೊಸ ಪದ್ಧತಿ. ಎರಡನ್ನೂ ತೂಗಿ ನೋಡಿದರೆ ಮನೆಯ ಅಳತೆಯೇ ಮೇಲು. ಆದರೆ ಅದನ್ನು ಒಪ್ಪುವಾಗ ಕೆಲವು ಎಚ್ಚರಿಕೆಗಳನ್ನೂ ಹೇಳಲೇಬೇಕು.

ಆಸ್ಪತ್ರೆಯ ಅಂಕಿಯನ್ನು ನಂಬಲಾಗದಿರುವುದಕ್ಕೆ ಕಾರಣ ಬೆಕ್ಕಿನ ಸ್ವಭಾವದಲ್ಲೇ ಇದೆ. ಹೆದರಿದ ಬೆಕ್ಕಿನ ರಕ್ತದಲ್ಲಿ ಸಕ್ಕರೆ ತಾನಾಗಿ ಏರುತ್ತದೆ. ಕಾಯಿಲೆಯೇ ಇಲ್ಲದ ಬೆಕ್ಕಿನಲ್ಲೂ ಅದು ಮೂತ್ರಕ್ಕೆ ಇಳಿಯುವಷ್ಟು ಹೆಚ್ಚಬಹುದು. ಬುಟ್ಟಿಯಲ್ಲಿ ಕೂಡಿ, ಆಟೋದಲ್ಲಿ ಕುಲುಕಿ, ನಾಯಿಗಳ ಬೊಗಳಾಟದ ನಡುವೆ ಕಾದು ಕೂತ ಪ್ರಾಣಿಯಲ್ಲಿ ಡೆಸಿಲೀಟರಿಗೆ 350 ಮಿಲಿಗ್ರಾಂ ಕಂಡರೆ ಅದು ಎಷ್ಟು ಕಾಯಿಲೆಯದು, ಎಷ್ಟು ಭಯದ್ದು? ಅದನ್ನೇ ನೆಚ್ಚಿ ಡೋಸ್ ಏರಿಸಿದರೆ, ಮನೆಗೆ ಹೋಗಿ ಸಮಾಧಾನಗೊಂಡ ಬೆಕ್ಕಿಗೆ ರಾತ್ರಿ ಶುಗರ್ ಕುಸಿಯುತ್ತದೆ. ಹಿಂದಿನ ಒಂದೆರಡು ವಾರಗಳ ಸರಾಸರಿ ಹೇಳುವ ಫ್ರಕ್ಟೋಸಮೀನ್ ಪರೀಕ್ಷೆ ಕಾಯಿಲೆಯನ್ನು ಖಚಿತಪಡಿಸಲು ಒಳ್ಳೆಯದು. ದಿನದ ಯಾವ ಹೊತ್ತಿನಲ್ಲಿ ಸಕ್ಕರೆ ಎಷ್ಟು ಇಳಿಯುತ್ತದೆ ಎಂಬುದನ್ನು ಮಾತ್ರ ಅದು ಹೇಳಲಾರದು.

ಮನೆಯಲ್ಲಿ ಅಳೆಯುವುದು ಕೇಳಿದಷ್ಟು ಕಷ್ಟವಲ್ಲ. ಬೆಕ್ಕಿನ ಕಿವಿಯ ಹೊರ ಅಂಚಿನಲ್ಲಿ ಸಣ್ಣ ರಕ್ತನಾಳವೊಂದು ಹಾದುಹೋಗುತ್ತದೆ. ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನು ಅರೆ ನಿಮಿಷ ಕಿವಿಗೆ ಒತ್ತಿದರೆ ರಕ್ತ ಚೆನ್ನಾಗಿ ಹರಿಯುತ್ತದೆ. ಕಿವಿಯ ಹಿಂದೆ ಮಡಿಸಿದ ಹತ್ತಿಯಿಟ್ಟು ಅಂಚಿನ ಬಳಿ ಚುಚ್ಚಿದರೆ ಸಾಸಿವೆ ಕಾಳಿನಷ್ಟು ರಕ್ತ ಬರುತ್ತದೆ. ಈಗಿನ ಸ್ಟ್ರಿಪ್‌ಗೆ ಅಷ್ಟು ಸಾಕು. ಪ್ರತಿ ಸಲ ಅಳತೆ ಮುಗಿದ ಕೂಡಲೇ ಇಷ್ಟದ ತಿನಿಸು ಸಿಕ್ಕರೆ ಬಹಳಷ್ಟು ಬೆಕ್ಕುಗಳು ಕೆಲವೇ ದಿನಗಳಲ್ಲಿ ಒಗ್ಗಿಕೊಳ್ಳುತ್ತವೆ. ಮನುಷ್ಯರಿಗೆಂದು ಮಾಡಿದ ಗ್ಲೂಕೋಮೀಟರ್ ಬೆಕ್ಕಿನ ರಕ್ತದಲ್ಲಿ ಸಾಮಾನ್ಯವಾಗಿ ನಿಜಕ್ಕಿಂತ ಕಡಿಮೆ ತೋರಿಸುತ್ತದೆ. ಹಾಗಾಗಿ ಯಾವ ಮೀಟರ್ ಎಂಬುದನ್ನು ವೈದ್ಯರಿಗೆ ತಿಳಿಸಬೇಕು, ನಡುವೆ ಅದನ್ನು ಬದಲಿಸಬಾರದು.

ಹೊಸದಾಗಿ ಕಾಯಿಲೆ ಬಂದ ಬೆಕ್ಕುಗಳ ವಿಷಯದಲ್ಲಿ ಇಷ್ಟು ಶ್ರಮ ಏಕೆ? ಬೆಕ್ಕಿನ ಮಧುಮೇಹ ಬಹುಪಾಲು ಮನುಷ್ಯರ ಟೈಪ್ 2 ಮಾದರಿಯದು. ಇನ್ಸುಲಿನ್ ಸುರಿಸುವ ಜೀವಕೋಶಗಳೆಲ್ಲ ಸತ್ತಿರುವುದಿಲ್ಲ. ಏರಿದ ಸಕ್ಕರೆಯೇ ಅವನ್ನು ದಣಿಸಿ ಕುಗ್ಗಿಸಿರುತ್ತದೆ. ಬೇಗ ಸಕ್ಕರೆ ಇಳಿಸಿದರೆ ಅವು ಚೇತರಿಸಿಕೊಂಡು, ಎಷ್ಟೋ ಬೆಕ್ಕುಗಳಿಗೆ ಇನ್ಸುಲಿನ್ನೇ ಬೇಡವಾಗುತ್ತದೆ.

ಈ ಭರವಸೆಗೆ ಬಲ ಬಂದದ್ದು 2009ರಲ್ಲಿ. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯದ ತಂಡ ಹೊಸದಾಗಿ ಕಾಯಿಲೆ ಪತ್ತೆಯಾದ 24 ಬೆಕ್ಕುಗಳನ್ನು ಎಂಟೆಂಟರ ಮೂರು ಗುಂಪು ಮಾಡಿ, ಕಡಿಮೆ ಕಾರ್ಬೋಹೈಡ್ರೇಟಿನ ಆಹಾರದ ಜೊತೆ ಬೇರೆ ಬೇರೆ ಇನ್ಸುಲಿನ್ ಕೊಟ್ಟಿತು. ಗ್ಲಾರ್ಜಿನ್ ಪಡೆದ ಎಂಟಕ್ಕೆ ಎಂಟೂ ಇನ್ಸುಲಿನ್‌ನಿಂದ ಬಿಡುಗಡೆ ಪಡೆದವು. ಪಿಝೆಡ್‌ಐ ಗುಂಪಿನಲ್ಲಿ ಮೂರು, ಲೆಂಟೆ ಗುಂಪಿನಲ್ಲಿ ಎರಡು. ಅದೇ ವರ್ಷ ಕರ್ಸ್ಟನ್ ರೂಂಪ್ ಮತ್ತು ಜಾಕಿ ರಾಂಡ್, ಮಾಲೀಕರು ಮನೆಯಲ್ಲೇ ಅಳೆದು ಗ್ಲಾರ್ಜಿನ್ ಹೊಂದಿಸಿದ 55 ಬೆಕ್ಕುಗಳ ವರದಿ ಪ್ರಕಟಿಸಿದರು. ಒಟ್ಟು ಶೇ. 64ರಷ್ಟು ಬೆಕ್ಕುಗಳಿಗೆ ಇನ್ಸುಲಿನ್ ನಿಂತಿತು. ಕಾಯಿಲೆ ಗೊತ್ತಾದ ಆರು ತಿಂಗಳೊಳಗೆ ಈ ಬಿಗಿ ಪದ್ಧತಿ ಶುರುಮಾಡಿದವುಗಳಲ್ಲಿ ಶೇ. 84, ತಡಮಾಡಿದವುಗಳಲ್ಲಿ ಶೇ. 35.

ಈ ಅಂಕಿಗಳು ಆಸೆ ಹುಟ್ಟಿಸುತ್ತವೆ, ಆದರೆ ಇವನ್ನು ಕಣ್ಣುಮುಚ್ಚಿ ನಂಬುವಂತಿಲ್ಲ. ಎಂಟು ಬೆಕ್ಕುಗಳ ಗುಂಪು ತೀರಾ ಚಿಕ್ಕದು. ರೂಂಪ್ ಮತ್ತು ರಾಂಡ್ ಅವರ ಅಧ್ಯಯನದಲ್ಲಿ ಹೋಲಿಸಿ ನೋಡಲು ಬೇರೆ ಗುಂಪಿರಲಿಲ್ಲ. ದಿನಕ್ಕೆ ಹಲವು ಸಲ ಕಿವಿ ಚುಚ್ಚಲು ಮುಂದೆ ಬಂದ ಮಾಲೀಕರು ಆಹಾರ, ತೂಕ, ಸಮಯಪಾಲನೆ ಎಲ್ಲದರಲ್ಲೂ ಉಳಿದವರಿಗಿಂತ ಶ್ರದ್ಧೆಯವರು. ಫಲದಲ್ಲಿ ಎಷ್ಟು ಪಾಲು ಬಿಗಿ ನಿಯಂತ್ರಣದ್ದು, ಎಷ್ಟು ಆ ಶ್ರದ್ಧೆಯದು ಎಂದು ಬಿಡಿಸಿ ಹೇಳಲಾಗದು. ಸಕ್ಕರೆಯನ್ನು 50ರಿಂದ 100ರ ನಡುವೆ ಇಡುವ ಆ ಅಧ್ಯಯನದ ಗುರಿಯೂ ದಿನವಿಡೀ ಆಫೀಸಿನಲ್ಲಿರುವವರ ಮನೆಗೆ ಒಪ್ಪುವಂಥದ್ದಲ್ಲ. ಇನ್ಸುಲಿನ್‌ನ ಪ್ರಭಾವ ಗರಿಷ್ಠವಾಗಿರುವ ಹೊತ್ತಿನಲ್ಲಿ ಸಕ್ಕರೆ 80ರಿಂದ 150ರ ನಡುವೆ ಇದ್ದರೆ ಸಾಕು ಎಂಬ ಸಡಿಲ ಗುರಿಯೇ ಹೆಚ್ಚಿನವರಿಗೆ ಸುರಕ್ಷಿತ.

ಅವಸರಪಡದ ಗುಣವೂ ಬೇಕು. ಆಮ್ಲೀಯ ದ್ರಾವಣವಾದ ಗ್ಲಾರ್ಜಿನ್ ಚರ್ಮದ ಕೆಳಗೆ ಹೋದಾಗ ಸಣ್ಣ ಹರಳುಗಳಾಗಿ ಕೂತು ನಿಧಾನವಾಗಿ ಕರಗುತ್ತದೆ. ಡೋಸ್ ಬದಲಿಸಿದರೆ ಪೂರ್ತಿ ಪರಿಣಾಮ ಕಾಣಲು ಕೆಲವು ದಿನ ಬೇಕು. ಬೆಳಿಗ್ಗೆ 300 ಕಂಡಿತೆಂದು ಸಂಜೆಯೇ ಅರ್ಧ ಯೂನಿಟ್ ಏರಿಸುವುದು ದುಡುಕು. ಸಾಮಾನ್ಯವಾಗಿ ವಾರ ಕಾಯುವುದು ಒಳ್ಳೆಯದು. ಶುಗರ್ 60ಕ್ಕಿಂತ ಕೆಳಗಿಳಿದರೆ ಮಾತ್ರ ಕಾಯುವಂತಿಲ್ಲ: ಎಚ್ಚರವಿದ್ದರೆ ಕೂಡಲೇ ಆಹಾರ, ತೂರಾಡುತ್ತಿದ್ದರೆ ವಸಡಿಗೆ ಜೇನು ಸವರಿ ಆಸ್ಪತ್ರೆ, ಮುಂದಿನ ಇಂಜೆಕ್ಷನ್‌ಗೆ ಮೊದಲು ವೈದ್ಯರ ಮಾತು. ಇನ್ಸುಲಿನ್ ಶುರುವಾದ ಮೇಲೆ ಒಣ ಕಾಳಿನ ಆಹಾರ ಬಿಡಿಸಿ ಕಡಿಮೆ ಕಾರ್ಬೋಹೈಡ್ರೇಟಿನದಕ್ಕೆ ಬದಲಿಸಿದರೂ ಅದೇ ಡೋಸ್ ಹೆಚ್ಚಾಗಿಬಿಡಬಹುದು.

ಹಲವರನ್ನು ದಾರಿ ತಪ್ಪಿಸಿದ ಹಳೆಯ ನಂಬಿಕೆಯೊಂದಿದೆ. ಇನ್ಸುಲಿನ್ ಹೆಚ್ಚಾದರೆ ಸಕ್ಕರೆ ಕುಸಿದು, ದೇಹ ಪ್ರತಿಯಾಗಿ ಅದನ್ನು ಮೇಲೆ ಎಸೆಯುತ್ತದೆ ಎಂದು 1930ರ ದಶಕದಲ್ಲಿ ಮೈಕೆಲ್ ಸೊಮೊಗಿ ಮಂಡಿಸಿದ ಸಿದ್ಧಾಂತ ಅದು. ಇದನ್ನು ನೆಚ್ಚಿ, ಸಕ್ಕರೆ ಹೆಚ್ಚಿದ್ದ ಬೆಕ್ಕುಗಳಿಗೂ ಡೋಸ್ ಇಳಿಸಿದ್ದುಂಟು. ರೂಂಪ್ ಮತ್ತು ರಾಂಡ್ ಆಮೇಲೆ ಮನೆಯಳತೆಯ ವಿವರಗಳನ್ನು ಜಾಲಾಡಿದಾಗ, ಗ್ಲಾರ್ಜಿನ್ ಪಡೆದ ಬೆಕ್ಕುಗಳಲ್ಲಿ ಇದು ತೀರಾ ಅಪರೂಪವೆಂದು ಕಂಡುಬಂತು. ಸಕ್ಕರೆ ಇಳಿಯದಿದ್ದರೆ ಬೇರೆ ಕಾರಣ ಹುಡುಕಬೇಕು: ಹಲ್ಲು ವಸಡಿನ ಸೋಂಕು, ಮೂತ್ರದ ಸೋಂಕು, ಅಥವಾ ಬೆಳವಣಿಗೆಯ ಹಾರ್ಮೋನ್ ಅತಿಯಾಗಿ ಸುರಿಸುವ ಪಿಟ್ಯುಟರಿ ಗೆಡ್ಡೆ. ಬ್ರಿಟನ್ನಿನ ದೊಡ್ಡ ಅಧ್ಯಯನವೊಂದು ಮಧುಮೇಹದ ಬೆಕ್ಕುಗಳಲ್ಲಿ ಸುಮಾರು ನಾಲ್ಕಕ್ಕೆ ಒಂದರಲ್ಲಿ ಈ ಹಾರ್ಮೋನ್ ತೊಂದರೆ ಇರಬಹುದೆಂದು ಅಂದಾಜಿಸಿದೆ.

ನಮ್ಮಲ್ಲಿ ಎಲ್ಲಕ್ಕಿಂತ ಹೆಚ್ಚು ಆತಂಕ ಹುಟ್ಟಿಸುವುದು ಸಿರಿಂಜು. ಭಾರತದ ಮೆಡಿಕಲ್ ಶಾಪ್‌ಗಳಲ್ಲಿ ಮಿಲಿಲೀಟರಿಗೆ 40 ಯೂನಿಟ್‌ನ ಇನ್ಸುಲಿನ್ ಬಾಟಲಿಗಳು, ಅದಕ್ಕೆಂದೇ ಕೆಂಪು ಮುಚ್ಚಳದ ಸಿರಿಂಜುಗಳು ಧಾರಾಳ. ಗ್ಲಾರ್ಜಿನ್ ಬರುವುದು ಸಾಮಾನ್ಯವಾಗಿ 100 ಯೂನಿಟ್‌ನಲ್ಲಿ; ಅದರ ಸಿರಿಂಜಿಗೆ ಕಿತ್ತಳೆ ಮುಚ್ಚಳ. ಬೆಂಗಳೂರಿನ ಬಯೋಕಾನ್ 2009ರಲ್ಲಿ ಬೇಸಲಾಗ್ ಹೆಸರಿನಲ್ಲಿ ಗ್ಲಾರ್ಜಿನ್ ಮಾರುಕಟ್ಟೆಗೆ ತಂದಿತು. ಹೀಗೆ ಔಷಧ ಊರಲ್ಲೇ ಸಿಗುತ್ತದೆ, ತಪ್ಪುವುದು ಅಳತೆ. ಕೆಂಪು ಮುಚ್ಚಳದ ಸಿರಿಂಜಿನಲ್ಲಿ ಒಂದು ಗೆರೆಯಷ್ಟು ಗ್ಲಾರ್ಜಿನ್ ಎಳೆದರೆ ಬೆಕ್ಕಿಗೆ ಹೋಗುವುದು ಎರಡೂವರೆ ಯೂನಿಟ್. ಮನುಷ್ಯರ ದೇಹ ತಾಳಿಕೊಳ್ಳುವ ವ್ಯತ್ಯಾಸ ನಾಲ್ಕು ಕಿಲೋದ ಪ್ರಾಣಿಗೆ ಪ್ರಾಣಾಂತಿಕವಾಗಬಹುದು. ಚೀಟಿಯಲ್ಲಿ ಇನ್ಸುಲಿನ್ ಹೆಸರು ಮಾತ್ರ ಬರೆದು ಸಿರಿಂಜಿನ ವಿಧ ಬರೆಯದಿರುವುದು ಅಪೂರ್ಣ ಚಿಕಿತ್ಸೆ. ಅರ್ಧ ಯೂನಿಟ್ ಗೆರೆಗಳಿರುವ 0.3 ಮಿಲಿಲೀಟರಿನ ಸಿರಿಂಜನ್ನು ಹೆಸರಿಸಿ ಬರೆಯಬೇಕು, ಮೊದಲ ದಿನವೇ ಮಾಲೀಕರ ಕೈಯಲ್ಲಿ ಎಳೆಸಿ ನೋಡಬೇಕು.

ಅಮೆರಿಕದಲ್ಲಿ 2022ರ ಡಿಸೆಂಬರಿನಿಂದ ಬೆಕ್ಸಾಕ್ಯಾಟ್ ಎಂಬ ಮಾತ್ರೆಯೂ ಇದೆ. ಸಕ್ಕರೆಯನ್ನು ಅದು ಮೂತ್ರದಲ್ಲಿ ಹೊರಹಾಕಿಸುತ್ತದೆ. ಸೂಜಿಗೆ ಅಂಜುವವರಿಗೆ ಅನುಕೂಲ ನಿಜ. ಆದರೆ ಸಕ್ಕರೆ ಹೆಚ್ಚಿಲ್ಲದೆಯೇ ಕೀಟೋನ್ ಏರಿ ಪ್ರಾಣಕ್ಕೆ ಬರುವ ಅಪಾಯವಿರುವುದರಿಂದ, ಮೊದಲು ಇನ್ಸುಲಿನ್ ಪಡೆದ ಬೆಕ್ಕಿಗೆ ಅದನ್ನು ಕೊಡಬಾರದೆಂದು ಲೇಬಲ್ಲಿನಲ್ಲೇ ಇದೆ.

ಇನ್ಸುಲಿನ್ ನಿಂತ ಬೆಕ್ಕಿನ ಮನೆಯವರು ಮೀಟರನ್ನು ಮೂಲೆಗೆ ಹಾಕಬಾರದು. ಒಂದು ಪಾಲು ಬೆಕ್ಕುಗಳಿಗೆ ಕಾಯಿಲೆ ಮರಳುತ್ತದೆ. ಆಗಾಗ ಕಿವಿಯ ರಕ್ತ ನೋಡುತ್ತಿರಬೇಕು, ತೂಕ ಏರದಂತೆ ಕಾಯಬೇಕು. ಮುಂದೆ ತುರಿಕೆಗೋ ಉಬ್ಬಸಕ್ಕೋ ಬೇರೆ ವೈದ್ಯರಲ್ಲಿ ಹೋದಾಗ, ಸ್ಟೀರಾಯ್ಡ್ ಇಂಜೆಕ್ಷನ್ ಕೊಡುವ ಮೊದಲೇ ಈ ಬೆಕ್ಕಿಗೆ ಹಿಂದೆ ಶುಗರ್ ಇತ್ತೆಂದು ಹೇಳಬೇಕು.